ಏಳು ವರ್ಷ ಬಳಸಿದ ಪ್ಲೇಯರ್ಸ್ ಹ್ಯಾಂಡ್‌ಬುಕ್: ಉತ್ತರ ಇದೆ, ಹುಡುಕಬೇಕು ಅಷ್ಟೇ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕುತ್ತ ಕಥೆ ಕಟ್ಟುವ ಆಟ. ಅದರ 2014ರ ನಿಯಮದ ಪುಸ್ತಕ, ಪ್ಲೇಯರ್ಸ್ ಹ್ಯಾಂಡ್‌ಬುಕ್, ನಮ್ಮ ಹತ್ತಿರ 2018ರಿಂದ ಇದೆ. ಐದು ಜನ ದುಡ್ಡು ಹಾಕಿ ತಗೊಂಡಿದ್ದು. ತಲೆಗೆ ಆರುನೂರು ಚಿಲ್ಲರೆ ಬಿತ್ತು. ಆಟ ನಡೆಯುವುದು ಹನುಮಂತನಗರದಲ್ಲಿ, ಗೆಳೆಯನ ಮನೆಯ ಮಹಡಿ ರೂಮಿನಲ್ಲಿ. ಪುಸ್ತಕವೂ ಅಲ್ಲೇ ಇರುತ್ತದೆ.

ಶನಿವಾರ ಸಂಜೆ ಆರಕ್ಕೆ ಸೇರುತ್ತೇವೆ. ಚಾಪೆ ಹಾಸಿ, ಮಧ್ಯೆ ಒಂದು ಸ್ಟೀಲ್ ತಟ್ಟೆ ಇಟ್ಟು, ಅದರೊಳಗೆ ಹಳೇ ಟವೆಲ್ ಮಡಚಿ ಹಾಕುತ್ತೇವೆ. ಬರೀ ತಟ್ಟೆಗೆ ಡೈಸ್ ಬಿದ್ದರೆ ಕೆಳಗೆ ಮಲಗಿರುವ ಮಗು ಏಳುತ್ತದೆ. ಗೆಳೆಯನ ಅಮ್ಮ ಫ್ಲಾಸ್ಕಿನಲ್ಲಿ ಕಾಫಿ, ಡಬ್ಬದಲ್ಲಿ ಕೋಡುಬಳೆ ಕಳಿಸುತ್ತಾರೆ. ಕೋಡುಬಳೆ ತಿಂದ ಕೈಯಲ್ಲಿ ಪುಸ್ತಕ ಮುಟ್ಟಬಾರದು ಅಂತ ಮೊದಲ ದಿನವೇ ಮಾತಾಗಿತ್ತು. ಆದರೂ ಸ್ಪೆಲ್‌ಗಳ, ಅಂದರೆ ಮಂತ್ರಗಳ, ಅಧ್ಯಾಯದ ಅಂಚಿಗೆಲ್ಲ ಎಣ್ಣೆ ಕಲೆ ಹತ್ತಿದೆ. ಈಗ ಆ ಕಲೆ ನೋಡಿಯೇ ಪುಟ ತೆಗೆಯುತ್ತೇವೆ.

ಎಷ್ಟು ಕ್ಲಾಸ್ (ಪಾತ್ರದ ಬಗೆ) ಇವೆ, ಚಿತ್ರಗಳು ಹೇಗಿವೆ ಅನ್ನುವುದೆಲ್ಲ ನೀವು ನೋಡಿರುತ್ತೀರಿ. ನನ್ನ ತಕರಾರು ಒಂದೇ. ಆಟದ ಮಧ್ಯೆ ಅನುಮಾನ ಬಂದರೆ ಉತ್ತರ ಬಹುಪಾಲು ಈ ಪುಸ್ತಕದಲ್ಲೇ ಇರುತ್ತದೆ. ಆದರೆ ಬೇಕಾದಾಗ ಕೈಗೆ ಸಿಗುವುದಿಲ್ಲ.

ಒಂದು ರಾತ್ರಿ ನಮ್ಮ ಮಾಂತ್ರಿಕ ಮಾಯದ ಗೋಡೆಯೊಂದನ್ನು ಎಬ್ಬಿಸಿ ನಿಲ್ಲಿಸಿಕೊಂಡಿದ್ದ. ಕಾನ್ಸಂಟ್ರೇಶನ್ ಬೇಕಾದ ಸ್ಪೆಲ್ ಅದು, ಗಮನ ಕದಲಿದರೆ ಮುರಿಯುತ್ತದೆ. ಗುಡ್ಡದ ದೈತ್ಯ ಅವನಿಗೆ 23 ಡ್ಯಾಮೇಜ್ ಕೊಟ್ಟ. ಆಗ 10 ಅಥವಾ ಡ್ಯಾಮೇಜಿನ ಅರ್ಧ, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟಾದರೂ ಸೇವ್‌ನಲ್ಲಿ, ಅಂದರೆ ಏಟು ತಡೆದುಕೊಳ್ಳಲು ಹಾಕುವ ಡೈಸ್‌ನಲ್ಲಿ, ಬರಬೇಕು. ಇಲ್ಲದಿದ್ದರೆ ಸ್ಪೆಲ್ ಹೋಯಿತು. ಇದು ನಮಗೆಲ್ಲ ಬಾಯಿಪಾಠ. ಆದರೆ 23ರ ಅರ್ಧ ಹನ್ನೊಂದೂವರೆ. ಅವನಿಗೆ ಎಲ್ಲ ಕೂಡಿ ಬಂದದ್ದು ಸರಿಯಾಗಿ 11. ಹನ್ನೊಂದೂವರೆ ಅಂದರೆ 11 ಅಂತ ಹಿಡಿಯಬೇಕಾ, 12 ಅಂತಾನಾ? ಗೋಡೆ ಬಿದ್ದರೆ ಅದರ ಹಿಂದೆ ಅವಿತಿದ್ದ ಇಬ್ಬರೂ ಉಳಿಯುವುದಿಲ್ಲ.

ಕಾನ್ಸಂಟ್ರೇಶನ್ ಇರುವುದು 10ನೇ ಅಧ್ಯಾಯದಲ್ಲಿ, 203ನೇ ಪುಟ. ಅಲ್ಲಿಲ್ಲ. ಡ್ಯಾಮೇಜ್ ವಿಷಯ ಬರುವುದು 9ನೇ ಅಧ್ಯಾಯದಲ್ಲಿ. ಅಲ್ಲೂ ಇಲ್ಲ. ಹಿಂದಿನ ವಿಷಯಸೂಚಿ ತೆಗೆದರೆ ಸಾಸಿವೆ ಕಾಳಿನಂಥ ಅಕ್ಷರ. ಒಂದು ಪದ ಹುಡುಕಿದರೆ ಪುಟದ ಸಂಖ್ಯೆ ಕೊಡುವ ಬದಲು ಇನ್ನೊಂದು ಪದ ನೋಡಿ ಅನ್ನುತ್ತದೆ. ಕೊನೆಗೆ ಸಿಕ್ಕಿದ್ದು 7ನೇ ಪುಟದಲ್ಲಿ, ಪೀಠಿಕೆಯೊಳಗೆ. ಭಾಗಿಸಿದಾಗ ಉಳಿಯುವ ಚೂರನ್ನು ಬಿಟ್ಟುಬಿಡಬೇಕು, ಅದು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಇದ್ದರೂ ಸರಿ. ಗೋಡೆ ಉಳಿಯಿತು. ಅಷ್ಟರಲ್ಲಿ 25 ನಿಮಿಷ ಕಳೆದಿತ್ತು, ಕಾಫಿ ತಣ್ಣಗಾಗಿತ್ತು, ಒಬ್ಬ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ವಾರವೆಲ್ಲ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒದ್ದಾಡಿ ಬಂದವರಿಗೆ 25 ನಿಮಿಷ ಸಣ್ಣ ವಿಷಯ ಅಲ್ಲ. ಅವತ್ತು ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಮಾರನೇ ವಾರ ಅಂಗಡಿಯಲ್ಲಿ ಕೆಂಪು ಬಟ್ಟೆ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ ತಗೊಂಡೆ. ಹುಡುಕಿ ಸಿಕ್ಕ ಉತ್ತರವನ್ನೆಲ್ಲ ಪುಟದ ಸಂಖ್ಯೆ ಸಮೇತ ಅದರಲ್ಲಿ ಬರೆಯುತ್ತೇವೆ. ಮೊದಲನೆಯದು ಆ ಹನ್ನೊಂದೂವರೆ. ಎರಡನೆಯದು ಅಡ್ವಾಂಟೇಜ್. ಅದಿದ್ದರೆ ಎರಡು ಡೈಸ್ ಹಾಕಿ ದೊಡ್ಡದನ್ನು ಹಿಡಿಯಬೇಕು, ಡಿಸಡ್ವಾಂಟೇಜ್ ಇದ್ದರೆ ಚಿಕ್ಕದನ್ನು. ಅಡ್ವಾಂಟೇಜ್ ಮೂರು ಕಡೆಯಿಂದ ಬಂದರೂ ಒಂದೇ ಒಂದು ಡಿಸಡ್ವಾಂಟೇಜ್ ಇದ್ದರೆ ಎರಡೂ ವಜಾ, 20 ಮುಖದ ಡೈಸ್ ಒಂದೇ ಹಾಕಬೇಕು. ನಿಯಮ ಸಿಗದಿದ್ದರೆ ಡಿಎಂ (ಆಟ ನಡೆಸುವವನು) ಹೇಳಿದ್ದೇ ಸರಿ. ಅದನ್ನೂ ಬರೆದು, ಪಕ್ಕದಲ್ಲಿ ಒಂದು ಚುಕ್ಕಿ ಇಡುತ್ತೇವೆ.

ಈ ಲೆಕ್ಕದ ಪುಸ್ತಕ ಶುರುವಾದ ಮೇಲೆ ನನ್ನ ಸಿಟ್ಟು ಇಳಿಯಿತು. ಹುಡುಕಾಟವೇ ಆಟದ ಒಂದು ಭಾಗ ಆಯಿತು. ಅದರಲ್ಲೂ ಕಥೆಗೆ ಸಂಬಂಧಿಸಿದ ಪ್ರಶ್ನೆ ಎದ್ದರೆ ಎಲ್ಲರೂ ಎದ್ದು ಕೂರುತ್ತಾರೆ. ಈ ಆಟದಲ್ಲಿ ರಾಕ್ಷಸ ಇದ್ದಾನೆ, ಗೊತ್ತಲ್ವಾ? ಆಟದ ವೈರಿಗಳನ್ನೆಲ್ಲ ಪಟ್ಟಿ ಮಾಡುವ ಪುಸ್ತಕ ಮಾನ್ಸ್ಟರ್ ಮ್ಯಾನುಯಲ್, ಅದರ 1977ರ ಆವೃತ್ತಿಯಲ್ಲೇ ಬಂದವನು. ಈಗಿನ ಚಿತ್ರದಲ್ಲಿ ಹುಲಿ ತಲೆ, ಹಿಂದುಮುಂದಾದ ಅಂಗೈ. ಕಾಫಿ ಕೊಡಲು ಬಂದ ಅಮ್ಮ ಚಿತ್ರ ನೋಡಿದರು. ಉಡುಪಿ ಕಡೆಯವರು, ಚಿಕ್ಕಂದಿನಿಂದ ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದವರು. "ಹುಲಿ ತಲೆ ಯಾಕೆ ಮಾರಾಯ? ರಾಕ್ಷಸ ಅಂದ್ರೆ ಬೇಕಾದ ರೂಪ ತಗೊಳ್ಳುವವ. ಮಾರೀಚ ಜಿಂಕೆ ಆಗ್ಲಿಲ್ವಾ?" ಅಂದರು. ನಿಯಮದಲ್ಲೂ ಅವನಿಗೆ ವೇಷ ಬದಲಿಸುವ ಮಾಯೆ ಇದೆ. ಅವತ್ತಿನಿಂದ ನಮ್ಮ ಡಿಎಂ ಹುಲಿ ತಲೆಯನ್ನು ರಾಕ್ಷಸ ಸಾಯುವ ಗಳಿಗೆಯ ತನಕ ತೋರಿಸುವುದಿಲ್ಲ.

ಈಗ ಹೊಸದಾಗಿ ಕೊಳ್ಳುವವರಿಗೆ ಹೇಳುತ್ತೇನೆ, 2014ರದ್ದು ಬೇಡ. 2024ರ ಪುಸ್ತಕದ ಕೊನೆಯಲ್ಲಿ ನಿಯಮಗಳನ್ನು ಅಕ್ಷರಾನುಕ್ರಮದಲ್ಲಿ ಕೊಟ್ಟಿದ್ದಾರೆ. ನನ್ನ ತಕರಾರಿಗೆ ಅದೇ ಉತ್ತರ. ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಎಸ್‌ಆರ್‌ಡಿ 5.2 ಅನ್ನುವ ನಿಯಮಗಳ ಕಡತ ಉಚಿತವಾಗಿ ಸಿಗುತ್ತದೆ, ಅದರಲ್ಲೂ ಆ ಭಾಗ ಇದೆ. ನಾನು ಅಷ್ಟನ್ನು ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿಕೊಂಡೆ. ಹಳೇ ಪುಸ್ತಕದ ಜೊತೆ ಬೆರೆಸುವಾಗ ಮಾತ್ರ ಹುಷಾರು. ಮದ್ದು ಕುಡಿಯುವುದಕ್ಕೆ ಹಳೆಯದರಲ್ಲಿ ಪೂರ್ತಿ ಆ್ಯಕ್ಷನ್ (ಸರದಿಯ ಮುಖ್ಯ ಕೆಲಸ) ಬೇಕು, ಹೊಸದರಲ್ಲಿ ಬೋನಸ್ ಆ್ಯಕ್ಷನ್ (ಅದರ ಜೊತೆಗಿನ ಚಿಕ್ಕ ಕೆಲಸ) ಸಾಕು. ಅಂಥ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ.

ಹಳೇ ಪುಸ್ತಕವನ್ನು ನಾವು ಕೊಡುವುದಿಲ್ಲ. ಹೋದ ತಿಂಗಳು ಅದೇ ರಾಕ್ಷಸ ಮತ್ತೆ ಬಂದ. ಹಳೇ ನಿಯಮದಲ್ಲಿ 6ನೇ ಲೆವೆಲ್‌ವರೆಗಿನ ಸ್ಪೆಲ್ ಯಾವುದೂ ಅವನಿಗೆ ತಾಗುವುದಿಲ್ಲ. ಒಳ್ಳೆಯವರು ಬಿಟ್ಟ ಮಾಯದ ಬಾಣಕ್ಕೆ ದುಪ್ಪಟ್ಟು ಏಟು. ಆದರೆ ನಮ್ಮ ಬಿಲ್ಲುಗಾರ ಎರಡು ವಾರದ ಹಿಂದೆ ಕಥೆಯಲ್ಲೇ ಗುಡಿಯ ಹುಂಡಿ ಒಡೆದಿದ್ದ. ಅವನನ್ನು ಒಳ್ಳೆಯವನು ಅನ್ನಬಹುದಾ? ಯಾವ ಪುಟದಲ್ಲೂ ಉತ್ತರ ಸಿಗಲಿಲ್ಲ. ಹನ್ನೊಂದು ಗಂಟೆ ತನಕ ಮಾತಾಡಿದೆವು. ಲೆಕ್ಕದ ಪುಸ್ತಕದಲ್ಲಿ ಚುಕ್ಕಿ ಇಟ್ಟು ಬರೆದದ್ದು ಹೀಗಿದೆ: ಹುಂಡಿ ದುಡ್ಡು ವಾಪಸ್ ಹಾಕಿ ಬಂದರೆ ಬಾಣ ನಾಟುತ್ತದೆ.