ಟ್ರ್ಯಾಕಾ, ಪ್ಯಾಡಾ? ಹುಡುಗರ ತಂಡಕ್ಕೆ ರೆಕಾರ್ಡ್ ಸದ್ದು ಸೇರಿಸೋರಿಗೆ

ಎರಡು ವಯಲಿನ್ನು, ಒಂದು ಕೊಳಲು, ಒಂದು ಮೃದಂಗ, ಜೊತೆಗೆ ಅಡಿಕೆ ಸುಲಿಯೋ ಕತ್ತಿ ಸದ್ದು, ಹಂಚಿನ ಮೇಲೆ ಬೀಳೋ ಆಗುಂಬೆ ಮಳೆ, ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಸೀಟಿ, ಇವನ್ನೆಲ್ಲ ಸೇರಿಸಿ ಕಂಪೋಸ್ ಮಾಡ್ಬೇಕು ಅಂದ್ರೆ ದಾರಿ ಎರಡು. ಎಲ್ಲಾ ಸದ್ದನ್ನ ಒಂದೇ ಟ್ರ್ಯಾಕ್ ಮಾಡಿ ಪ್ಲೇ ಒತ್ತಿ ಬಿಡೋದು, ಇಲ್ಲಾ ತುಂಡು ತುಂಡು ಮಾಡಿ ಸ್ಯಾಂಪಲರ್ ಪ್ಯಾಡಿಗೆ (ಬೆರಳಲ್ಲಿ ತಟ್ಟಿದ್ರೆ ತುಂಬಿಟ್ಟ ಸದ್ದು ಬರೋ ಯಂತ್ರ) ಹಾಕಿ ಒಬ್ಬ ಹುಡುಗನ ಕೈಲಿ ನುಡಿಸೋದು.

ಟ್ರ್ಯಾಕಿಗೆ ಖರ್ಚು ಕಮ್ಮಿ, ಸದ್ದು ಎಡಿಟ್ ಮಾಡೋ ಆಡಾಸಿಟಿ ಸಾಫ್ಟ್‌ವೇರ್ ಫ್ರೀ ಸಿಗುತ್ತೆ. ಆದ್ರೆ ಅದು ಯಾರಿಗೂ ಕಾಯಲ್ಲ ಮಾರಾಯ್ರೆ. ತಾಳಕ್ಕೆ ಕೂರ್ಬೇಕಾದ ಸದ್ದಾದ್ರೆ ನುಡಿಸೋರ ಕಿವಿಗೆ ಇಯರ್‌ಫೋನಲ್ಲಿ ಕ್ಲಿಕ್ (ತಾಳ ಎಣಿಸೋ ಟಿಕ್ ಟಿಕ್ ಸದ್ದು) ಬೇಕೇ ಬೇಕು, ಇಲ್ಲಾಂದ್ರೆ ಹುಡುಗ್ರು ಟೆನ್ಶನ್ನಲ್ಲಿ ಓಡ್ತಾರೆ, ನಾಲ್ಕನೇ ಆವರ್ತಕ್ಕೆ ಕತ್ತಿ ಒಂದ್ಕಡೆ ಮೃದಂಗ ಒಂದ್ಕಡೆ. ಮಳೆ, ಜೀರುಂಡೆ ಥರ ಹರಡ್ಕೊಂಡಿರೋ ಸದ್ದಿಗೆ ಮಾತ್ರ ಟ್ರ್ಯಾಕೇ ಚಂದ, ಎರಡು ಸೆಕೆಂಡ್ ಹಿಂದೆಮುಂದೆ ಆದ್ರೂ ಗೊತ್ತಾಗಲ್ಲ.

ಪ್ಯಾಡಲ್ಲಿ ಸದ್ದು ತಂಡದ ಜೊತೆನೇ ಉಸಿರಾಡುತ್ತೆ, ಮೃದಂಗದವ್ನು ನಿಧಾನ ಮಾಡಿದ್ರೆ ಕತ್ತಿನೂ ನಿಧಾನ. ಅದೇ 'ಚಕ್' ಅನ್ನೋದನ್ನ ಅರ್ಧ ಸ್ಪೀಡಿಗೆ ಇಳಿಸಿ, ಸ್ಥಾಯಿ ಒಂದು ಕೆಳಗೆ ಹೋಗುತ್ತೆ, ಉದ್ದ ಡಬಲ್ ಆಗುತ್ತೆ, ಬೇರೆ ವಾದ್ಯನೇ ಅನ್ಸುತ್ತೆ. (1948ರಲ್ಲೇ ಪ್ಯಾರಿಸ್‌ನಲ್ಲಿ ಪಿಯೆರ್ ಶೇಫರ್ ಅನ್ನೋ ಫ್ರೆಂಚ್ ಸಂಗೀತ ಸಂಯೋಜಕ ರೈಲಿನ ಸದ್ದಿಗೆ ಇಂಥ ಆಟ ಆಡಿದ್ದ, ಅದೂ ಟೇಪ್ ಇಲ್ದೆ ಗ್ರಾಮಫೋನ್ ಥರದ ಡಿಸ್ಕಲ್ಲಿ.) ತೊಂದ್ರೆ ಏನಂದ್ರೆ ಪ್ಯಾಡಿನವ್ನೂ ಕಲಾವಿದನೇ, ಅವನಿಗೂ ನೊಟೇಶನ್ ಬರೀಬೇಕು, ಪ್ರಾಕ್ಟೀಸಿಗೆ ಕೂರಿಸ್ಬೇಕು, ಸುಮ್ನೆ ಬಟನ್ ಒತ್ತೋನು ಅನ್ಕೊಂಡ್ರೆ ಕೆಟ್ಟಿತು.

ಪ್ರಾಕ್ಟೀಸಿಗೆ ಎರಡೇ ವಾರ ಇದ್ರೆ ಟ್ರ್ಯಾಕ್ ತಗೊಳಿ. ಟೈಮಿದ್ರೆ ನನ್ನ ಓಟು ಪ್ಯಾಡಿಗೆ, ಮಳೆಯೊಂದನ್ನ ಟ್ರ್ಯಾಕಲ್ಲೇ ಬಿಡಿ.