ಒಂದು ಸ್ಟ್ಯಾಂಡ್ ಉರುಳಿದರೆ ಪಾಲಿಸಿ ಎಷ್ಟು ಹೊರುತ್ತದೆ? ಫೋಟೋಗ್ರಾಫರುಗಳ ವಿಮಾ ಪ್ಯಾಕೇಜ್ ವಿಮರ್ಶೆ

ವೃತ್ತಿನಿರತ ಫೋಟೋಗ್ರಾಫರುಗಳಿಗೂ ಶೂಟ್ ನಡೆಸಿಕೊಡುವ ಏಜೆನ್ಸಿಗಳಿಗೂ ಮಾರುವ ಪ್ಯಾಕೇಜ್ ಪಾಲಿಸಿಗಳಲ್ಲಿ ಎದ್ದು ಕಾಣುವ ಮಾತು ‘ಆಲ್ ರಿಸ್ಕ್’. ಎಲ್ಲ ಅಪಾಯಕ್ಕೂ ರಕ್ಷಣೆ ಇದೆ ಎಂದು ಅದರ ಅರ್ಥವಲ್ಲ. ಯಾವುದನ್ನು ಹೊರಗಿಟ್ಟಿದ್ದಾರೋ ಅದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ರಕ್ಷಣೆ. ಆದ್ದರಿಂದ ಈ ಪಾಲಿಸಿಯನ್ನು ಕೊನೆಯಿಂದ ಓದುವುದೇ ಸರಿ: ಮೊದಲು ಹೊರಗಿಟ್ಟ ಸಂಗತಿಗಳು, ಆಮೇಲೆ ಷರತ್ತುಗಳು, ಕಡೆಗೆ ಕೊಡುತ್ತೇವೆ ಎಂದದ್ದು.

ಒಳ್ಳೆಯ ಪಾಲಿಸಿ ಯಾವುದು, ಬರೀ ಹೆಸರಿಗೆ ಇರುವುದು ಯಾವುದು ಎಂದು ತಿಳಿಯಲು ಒಂದೇ ಅಪಘಾತ ಸಾಕು. ಶೂಟಿಗೆಂದು ಬಾಡಿಗೆಗೆ ಪಡೆದ ಮನೆ. ಸಿ-ಸ್ಟ್ಯಾಂಡಿನ (ಲೈಟು ಹೊರುವ ಮೂರು ಕಾಲಿನ ಲೋಹದ ಸ್ಟ್ಯಾಂಡ್) ಮೇಲೆ ಬೂಮ್ ಎಂಬ ಅಡ್ಡ ಕೋಲು, ಅದರ ತುದಿಯಲ್ಲಿ ಲೈಟು, ಲೈಟಿಗೆ 120 ಸೆಂ.ಮೀ. ಆಕ್ಟಾಬಾಕ್ಸ್, ಅಂದರೆ ಬೆಳಕನ್ನು ಮೃದುಗೊಳಿಸುವ ಎಂಟು ಮೂಲೆಯ ಬಟ್ಟೆಯ ಗೂಡು. ಸ್ಟ್ಯಾಂಡಿನ ಎತ್ತರದ ಕಾಲು ಭಾರದ ಕಡೆಗೆ ತಿರುಗಿಲ್ಲ. ಮರಳಿನ ಚೀಲ ಕಾಲಿಗೆ ನೇತಾಡುವ ಬದಲು ನೆಲಕ್ಕೆ ಕೂತಿದೆ, ಅಂದರೆ ಅದರ ಭಾರವನ್ನು ನೆಲವೇ ಹೊತ್ತಿದೆ, ಸ್ಟ್ಯಾಂಡಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಯಾರೋ ಕಿಟಕಿ ತೆರೆದರು, ಗಾಳಿ ನುಗ್ಗಿತು, ಸ್ಟ್ಯಾಂಡ್ ಉರುಳಿತು. ಸ್ವಂತ ಲೈಟು ಒಡೆಯಿತು. ಬಾಡಿಗೆಗೆ ತಂದ ಲೆನ್ಸ್ ಜಜ್ಜಿಹೋಯಿತು. ಮನೆಯವರ ಕಲ್ಲಿನ ಮೇಜು ಬಿರುಕುಬಿಟ್ಟಿತು. ಮಾಡೆಲ್ ಹೆಗಲಿಗೆ ಪೆಟ್ಟು, ದಿನಗೂಲಿಗೆ ಬಂದ ಸಹಾಯಕನ ಕೈಗೂ ಪೆಟ್ಟು. ಅವತ್ತಿನ ಶೂಟ್ ಅಲ್ಲಿಗೇ ನಿಂತಿತು.

ಉರುಳಿದ್ದು ಒಂದೇ ಸ್ಟ್ಯಾಂಡ್, ನಷ್ಟ ಆರು. ಆರಕ್ಕೂ ಪಾಲಿಸಿಯ ಒಂದೇ ಭಾಗ ಉತ್ತರ ಕೊಡುವುದಿಲ್ಲ. ಲೈಟು ಉಪಕರಣ ವಿಭಾಗಕ್ಕೆ ಬರುತ್ತದೆ, ಇದರಲ್ಲಿ ತಕರಾರು ಕಡಿಮೆ. ಲೆನ್ಸಿನ ವಿಷಯ ಹಾಗಲ್ಲ. ‘ಬಾಡಿಗೆಗೆ ಪಡೆದ ಉಪಕರಣ’ ಎಂದು ಬೇರೆ ಸಾಲು, ಬೇರೆ ಮಿತಿ ಇದ್ದರಷ್ಟೇ ಹಣ ಬರುತ್ತದೆ. ಅದು ರಿಪೇರಿಯಲ್ಲಿರುವ ದಿನಗಳ ಬಾಡಿಗೆಯನ್ನೂ ಕೊಡಬೇಕೆಂದು ಬಾಡಿಗೆ ಅಂಗಡಿಯ ಕರಾರಿನಲ್ಲಿ ಬರೆದಿರಬಹುದು. ಆ ಬಾಡಿಗೆ ನಷ್ಟವನ್ನು ಸೇರಿಸದ ಪಾಲಿಸಿ ಅರ್ಧ ಪಾಲಿಸಿ. ಮೇಜಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಮೂರನೆಯವರ, ಅಂದರೆ ನೀವೂ ವಿಮಾ ಕಂಪನಿಯೂ ಅಲ್ಲದ ಹೊರಗಿನವರ, ಆಸ್ತಿಗೆ ಹಾನಿಯಾದರೆ ಹೊಣೆಗಾರಿಕೆ ವಿಭಾಗ ಕೊಡುತ್ತದೆ, ನಿಜ. ಆದರೆ ‘ನಿಮ್ಮ ವಶದಲ್ಲಿರುವ ಆಸ್ತಿ’ಯನ್ನು ಅದೇ ವಿಭಾಗ ಸಾಮಾನ್ಯವಾಗಿ ಹೊರಗಿಡುತ್ತದೆ. ಬಾಡಿಗೆಗೆ ಪಡೆದ ಜಾಗ, ಜಾಹೀರಾತಿಗೆ ಗಿರಾಕಿ ತಂದುಕೊಟ್ಟ ಆಭರಣ, ಸೀರೆ, ಗಡಿಯಾರ ಎಲ್ಲವೂ ನಿಮ್ಮ ವಶದಲ್ಲಿದ್ದವು ಎಂದೇ ಲೆಕ್ಕ. ಇಂಥ ಆಸ್ತಿಯನ್ನೂ ಒಳಗೆ ತರುವ ವಿಸ್ತರಣೆ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆ) ಇಲ್ಲದ ಪಾಲಿಸಿಯನ್ನು ಉತ್ಪನ್ನಗಳ ಶೂಟ್ ಮಾಡುವವರು ಕೊಳ್ಳಲೇಬಾರದು.

ಮಾಡೆಲ್‌ಗಾದ ಗಾಯವನ್ನು ಹೊಣೆಗಾರಿಕೆ ವಿಭಾಗ ನೋಡಿಕೊಳ್ಳುತ್ತದೆ, ತಪ್ಪು ನಿಮ್ಮ ಕಡೆಯದು ಎಂದಾದರೆ. ಸಹಾಯಕನ ಸ್ಥಿತಿ ಇನ್ನೂ ಸೂಕ್ಷ್ಮ. ಸಂಬಳದ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ನೌಕರನಲ್ಲ ಎಂದು ವಿಮಾ ಕಂಪನಿ ಹೇಳಬಹುದು. ನಿಮ್ಮ ಮಾತಿನಂತೆ ಕೆಲಸ ಮಾಡುತ್ತಿದ್ದ, ಹಾಗಾಗಿ ಮೂರನೆಯವನೂ ಅಲ್ಲ ಎನ್ನಬಹುದು. ಎರಡೂ ಬಾಗಿಲು ಮುಚ್ಚಿ, ಕೈಗೆ ಪೆಟ್ಟಾದವನು ನಡುವೆ ನಿಲ್ಲುತ್ತಾನೆ. ‘ನೌಕರ’ ಎಂಬ ಪದದ ವ್ಯಾಖ್ಯಾನದಲ್ಲಿ ದಿನಗೂಲಿ, ಫ್ರೀಲ್ಯಾನ್ಸ್ ಸಹಾಯಕರು ಸೇರಿದ್ದಾರೆಯೇ ಎಂದು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ನಿಂತುಹೋದ ಶೂಟಿನ ಖರ್ಚು ಮರು-ಶೂಟ್ ವಿಸ್ತರಣೆಗೆ ಸೇರಿದ್ದು. ಒಬ್ಬರೇ ದುಡಿಯುವವರು ಇದನ್ನು ಬಿಡಬಹುದು. ಇಪ್ಪತ್ತು ಜನರ ತಂಡ, ಲೊಕೇಶನ್, ಮೇಕಪ್ ಎಲ್ಲಕ್ಕೂ ಮುಂಗಡ ಕಟ್ಟುವ ಏಜೆನ್ಸಿ ಬಿಡಬಾರದು. ಮಳೆಗೆ ನಿಂತ ಶೂಟು ಇದರೊಳಗೆ ತಾನಾಗಿ ಸೇರಿರುವುದಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು.

ಇನ್ನು ವಿಮಾ ಮೊತ್ತ. ಪ್ರೀಮಿಯಂ ಇಳಿಸಲು ಹಳೆಯ ಬಿಲ್ಲಿನ ಬೆಲೆಯನ್ನೋ, ದುಬಾರಿ ಸಾಮಾನನ್ನು ಮಾತ್ರವೋ ತೋರಿಸುವ ರೂಢಿಯಿದೆ. ಸರಾಸರಿ ಷರತ್ತು (ಬೆಲೆಯ ಎಷ್ಟು ಪಾಲಿಗೆ ವಿಮೆ ಮಾಡಿಸಿದ್ದೀರೋ ನಷ್ಟದಲ್ಲೂ ಅಷ್ಟೇ ಪಾಲು ಕೊಡುವ ಷರತ್ತು) ಇದ್ದರೆ ಇದು ತಿರುಗಿ ಹೊಡೆಯುತ್ತದೆ. ಸಾಮಾನಿನ ಒಟ್ಟು ಬೆಲೆ 100 ಪಾಲು, ವಿಮೆ ಮಾಡಿಸಿದ್ದು 60 ಪಾಲು ಎನ್ನಿ. 20 ಪಾಲಿನ ಲೆನ್ಸ್ ಹೋದರೆ ಸಿಗುವುದು 12, ಅದರಲ್ಲೂ ಪ್ರತಿ ಕ್ಲೇಮಿನಲ್ಲೂ ನೀವೇ ಹೊರಬೇಕಾದ ಮೊದಲ ಮೊತ್ತ ಕಳೆಯುತ್ತದೆ. ‘ಹಳೆಯದಕ್ಕೆ ಹೊಸದು’ ಎಂದಿದೆಯೋ, ಸವಕಳಿ ಕಳೆದು ಕೊಡುತ್ತಾರೋ ಎಂಬುದೂ ಇಲ್ಲೇ ತೀರ್ಮಾನವಾಗುತ್ತದೆ. ಬ್ಯಾಟರಿ, ಟ್ರಿಗರ್, ಫಿಲ್ಟರ್, ಕಾರ್ಡ್ ರೀಡರ್‌ಗಳನ್ನು ಒಟ್ಟು ಸೇರಿಸಿ ಒಂದು ಸಾಲಾದರೂ ಬರೆಸಿ.

ಕಳವಿನ ಕ್ಲೇಮ್ ಬಿದ್ದುಹೋಗುವ ಜಾಗ ಕಾರಿನ ಡಿಕ್ಕಿ. ಯಾರೂ ಇಲ್ಲದ ವಾಹನದಿಂದ ಕಳವಾದರೆ ವಾಹನ ಲಾಕ್ ಆಗಿರಬೇಕು, ಸಾಮಾನು ಹೊರಗೆ ಕಾಣದಂತಿರಬೇಕು, ಬಲವಂತವಾಗಿ ಒಡೆದ ಗುರುತಿರಬೇಕು. ಕೆಲವು ಪಾಲಿಸಿಗಳಲ್ಲಿ ರಾತ್ರಿ ಹೊತ್ತು ವಾಹನದಲ್ಲಿ ಇಡಲೇಬಾರದು. ಬೀಗದ ಸಿಗ್ನಲ್ ನಕಲು ಮಾಡಿ ಗಾಜು ಒಡೆಯದೆ ಕದ್ದರೆ ‘ಒಡೆದ ಗುರುತು’ ಎಲ್ಲಿಂದ ತರುವುದು? ಈ ಷರತ್ತನ್ನು ಸಡಿಲಿಸಿರುವ ಪಾಲಿಸಿಗೆ ಸ್ವಲ್ಪ ಹೆಚ್ಚು ಪ್ರೀಮಿಯಂ ಕೊಟ್ಟರೂ ತಪ್ಪಿಲ್ಲ. ಬ್ಯಾಗು ‘ಎಲ್ಲಿಯೋ ಕಾಣೆಯಾಯಿತು’ ಎಂಬ ಕ್ಲೇಮಿಗೂ, ಬಾಡಿಗೆಗೆಂದು ನೀವೇ ಕೈಯಾರೆ ಕೊಟ್ಟ ಕ್ಯಾಮೆರಾ ಹಿಂತಿರುಗದಿದ್ದ ಕ್ಲೇಮಿಗೂ ಬಹುತೇಕ ಹಣ ಬರುವುದಿಲ್ಲ.

ವಿಮಾನದ ಲಗೇಜಿಗೆ ಹಾಕಿದ ಸಾಮಾನನ್ನು ಏರ್‌ಲೈನ್ ನೋಡಿಕೊಳ್ಳುತ್ತದೆ ಎಂದು ನಂಬಬೇಡಿ. ಅಂತರರಾಷ್ಟ್ರೀಯ ವಿಮಾನ ಪ್ರಯಾಣಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದದಡಿ ಒಬ್ಬ ಪ್ರಯಾಣಿಕನ ಲಗೇಜಿಗೆ ಏರ್‌ಲೈನಿನ ಹೊಣೆಗೆ ಮಿತಿ ಇದೆ; 2024ರ ಡಿಸೆಂಬರ್ 28ರಿಂದ ಅದು 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ). ಒಂದು ಒಳ್ಳೆಯ ಲೆನ್ಸಿಗೂ ಅದು ಸಾಲದಿರಬಹುದು.

ಫೈಲ್ ಕಳೆದುಹೋಗುವುದು ಉಪಕರಣದ ನಷ್ಟವಲ್ಲ. ಮೆಮೊರಿ ಕಾರ್ಡಿಗೆ ಬದಲಿ ಕಾರ್ಡ್ ಸಿಗಬಹುದು, ಮದುವೆಯ ಚಿತ್ರಗಳು ಹೋದದ್ದಕ್ಕೆ ಗಿರಾಕಿ ಕೇಳುವ ಪರಿಹಾರ ವೃತ್ತಿ ಹೊಣೆಗಾರಿಕೆ ವಿಭಾಗಕ್ಕೆ ಸೇರಿದ್ದು. ಅದು ಸಾಮಾನ್ಯವಾಗಿ ಗಿರಾಕಿ ಪರಿಹಾರ ಕೇಳಿದ ದಿನ ಪಾಲಿಸಿ ಚಾಲ್ತಿಯಲ್ಲಿದೆಯೇ ಎಂದು ನೋಡುತ್ತದೆ, ಶೂಟ್ ಆದ ದಿನವನ್ನಲ್ಲ. ಆದ್ದರಿಂದ ನಡುವೆ ಒಂದು ವರ್ಷ ನವೀಕರಿಸದೆ ಬಿಟ್ಟರೆ ಹಿಂದಿನ ಕೆಲಸಗಳೆಲ್ಲ ರಕ್ಷಣೆಯಿಲ್ಲದೆ ಉಳಿದುಬಿಡಬಹುದು. ಡ್ರೋನ್ ಹಾರುತ್ತಿರುವಾಗ ಆಗುವ ಹಾನಿಗೆ ಸಾಮಾನ್ಯವಾಗಿ ಬೇರೆ ಪಾಲಿಸಿಯೇ ಬೇಕು.

ಕ್ಲೇಮಿನ ಹೊತ್ತಿಗೆ ಕೆಲಸಕ್ಕೆ ಬರುವುದು ಮೊದಲೇ ಮಾಡಿಟ್ಟ ಪಟ್ಟಿ: ಪ್ರತಿ ಕ್ಯಾಮೆರಾ ಬಾಡಿ, ಲೆನ್ಸ್, ಲೈಟಿನ ಸೀರಿಯಲ್ ನಂಬರ್, ಬಿಲ್ಲು, ನಂಬರ್ ಓದಲು ಬರುವಂಥ ಒಂದು ಫೋಟೋ. ಕಳುವಾದರೆ ಅಂದೇ ಪೊಲೀಸ್ ದೂರು, ವಿಮಾ ಕಂಪನಿಗೆ ಬರಹದಲ್ಲಿ ಸೂಚನೆ. ಒಡೆದರೆ ಬಿದ್ದ ಸ್ಥಿತಿಯಲ್ಲೇ ಚಿತ್ರ ತೆಗೆಯಿರಿ, ಸರ್ವೇಯರ್ (ನಷ್ಟವನ್ನು ಅಳೆಯಲು ವಿಮಾ ಕಂಪನಿ ಕಳಿಸುವವರು) ನೋಡುವವರೆಗೆ ರಿಪೇರಿಗೆ ಕೊಡಬೇಡಿ, ಒಡೆದ ಚೂರನ್ನೂ ಬಿಸಾಡಬೇಡಿ. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸಿ, ಆದರೆ ‘ತಪ್ಪು ನಮ್ಮದೇ, ನಾವೇ ಕಟ್ಟಿಕೊಡುತ್ತೇವೆ’ ಎಂದು ಕಂಪನಿಯ ಒಪ್ಪಿಗೆಯಿಲ್ಲದೆ ಬರೆದುಕೊಡಬೇಡಿ. ಹೊಣೆ ಒಪ್ಪಿಕೊಂಡದ್ದನ್ನೇ ಮುಂದಿಟ್ಟು ಕ್ಲೇಮ್ ತಳ್ಳಿಹಾಕಲು ಷರತ್ತಿನಲ್ಲಿ ಅವಕಾಶವಿರುತ್ತದೆ.