ಮಲೆನಾಡಿನ ಮಳೆಗೆ ಒಗ್ಗಿಸಿಕೊಂಡ ಪುಟ್ಟ ಟ್ರೇಲರ್: ಬಳಸಿ ನೋಡಿದವರ ಮಾತು

ಮೊದಲೇ ಹೇಳಿಬಿಡುತ್ತೇನೆ. ಗಾಡಿಯ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಬಹುದಾದ ಈ ಟ್ರೇಲರ್‌ಗೆ, ಕೊಂಡು ತಂದಾಗ ಇದ್ದ ಹಾಗೆ ನಾನು ಕೊಡುವುದು 5ಕ್ಕೆ ಎರಡೂವರೆ ಸ್ಟಾರ್. ಈಗ ಇರುವ ಹಾಗೆ ನಾಲ್ಕು. ನಡುವಿನ ಒಂದೂವರೆ ಸ್ಟಾರ್ ಮನೆಯಂಗಳದಲ್ಲಿ ಡ್ರಿಲ್ ಹಿಡಿದು ನಾವೇ ಸಂಪಾದಿಸಿದ್ದು.

ನಮ್ಮ ಮನೆ ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ಕಡೆ. ಎಳೆಯುವುದು ಹಳೇ ಬೊಲೆರೊ. ಟ್ರೇಲರ್ 10 ಅಡಿ ಉದ್ದ, ಒಂದೇ ಆಕ್ಸಲ್. ಒಳಗೆ ಇಬ್ಬರು ಮಲಗುವ ಮಂಚ, ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ಕಟ್ಟಿಕೊಟ್ಟಿದ್ದು ಬಯಲುಸೀಮೆ ಕಡೆಯ ಒಂದು ವರ್ಕ್‌ಶಾಪ್, ಹೆಸರು ಬೇಡ. ಕೆಲಸ ಕೆಟ್ಟದ್ದು ಅಂತ ಹೇಳಲಾರೆ. ವೆಲ್ಡಿಂಗ್ ಗಟ್ಟಿಯಾಗಿದೆ, ಬಾಗಿಲು ಇವತ್ತಿಗೂ ಸರಿಯಾಗಿ ಕೂರುತ್ತದೆ. ಆದರೆ ಅವರು ಪುಷ್ಯ ಮಳೆ ನೋಡಿದವರಲ್ಲ. ನಮ್ಮ ಮನೆಯವರು ಗಾಡಿ ಓಡಿಸುತ್ತಾರೆ, ಸ್ಪಾನರು ಸ್ಕ್ರೂಡ್ರೈವರು ನನ್ನ ಪಾಲು. ಹಾಗಾಗಿ ಈ ವಿಮರ್ಶೆಯಲ್ಲಿ ಡ್ರೈವಿಂಗ್ ಸುಖಕ್ಕಿಂತ ಸ್ಕ್ರೂಗಳ ಮಾತೇ ಜಾಸ್ತಿ.

ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ. ಆರಿದ್ರೆ ಮಳೆ ಹಿಡಿದ ವಾರದಲ್ಲೇ ಟ್ರೇಲರ್‌ನ ಬಂಡವಾಳ ಬಯಲಾಯಿತು. ಚಾವಣಿಯ ಗಾಳಿಕಿಂಡಿ ಸುತ್ತ ಸಿಲಿಕಾನ್ ಬಳಿದಿದ್ದರು. ನೋಡಲು ನೀಟಾಗಿತ್ತು. ಒಂದು ಮೂಲೆಗೆ ಉಗುರು ಹಾಕಿ ಎಳೆದರೆ ಆ ತುದಿಯಿಂದ ಈ ತುದಿಯವರೆಗೆ ಒಂದೇ ಪಟ್ಟಿಯಾಗಿ ಎದ್ದು ಬಂತು. ಕೆಳಗೆ ಸ್ಕ್ರೂಗಳಿಗೆ ತುಕ್ಕು ಹಿಡಿದಿತ್ತು. ಒಂದೊಂದು ಸ್ಕ್ರೂ ತಲೆಯಿಂದ ಒಂದೊಂದು ಕಂದು ಗೆರೆ ಇಳಿದು ಬಂದಿತ್ತು. ಒಳಗೆ ದಿಂಬಿನ ಪಕ್ಕದ ಪ್ಲೈವುಡ್ ಅಂಚು ಉಬ್ಬಿ, ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು.

ಸಿಲಿಕಾನ್ ಅಡುಗೆಮನೆಯ ಸಿಂಕಿಗೆ ಸರಿ. ಗುಂಡಿ ರಸ್ತೆಯಲ್ಲಿ ದಿನವಿಡೀ ಅಲುಗಾಡುವ ಗಾಡಿಗೆ ಬೇಡ. ಅದರ ದೊಡ್ಡ ತಾಪತ್ರಯ ಅಂದರೆ ಹಳೆಯದರ ಮೇಲೆ ಹೊಸ ಸಿಲಿಕಾನ್ ಹಿಡಿಯುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ, ಪೇಂಟೂ ನಿಲ್ಲುವುದಿಲ್ಲ. ಮೇಲಿಂದ ಇನ್ನೊಂದು ಕೋಟು ಬಳಿದು ಸುಮ್ಮನಾಗುವ ಹಾಗಿಲ್ಲ. ಪೂರ್ತಿ ಕೆರೆದು ತೆಗೆಯಬೇಕು. ಪ್ಲಾಸ್ಟಿಕ್ ತುಂಡಿನಲ್ಲಿ ಕೆರೆದೆ, ಉಳಿದ ಜಿಡ್ಡನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಥಿನ್ನರ್ ಅಲ್ಯೂಮಿನಿಯಂ ಮೇಲೆ ಮಾತ್ರ. ಗಾಳಿಕಿಂಡಿಯ ಪ್ಲಾಸ್ಟಿಕ್‌ಗೆ ತಾಗಿದರೆ ಅದು ಕರಗುತ್ತದೆ.

ಆಮೇಲೆ ಕಿಂಡಿಯ ಚೌಕಟ್ಟಿನ ಅಡಿಗೆ ಬ್ಯೂಟೈಲ್ ಟೇಪ್ (ಅಂಟಂಟಾದ ಮೆತ್ತನೆಯ ರಬ್ಬರ್ ಪಟ್ಟಿ) ಇಟ್ಟು, ಸ್ಟೇನ್‌ಲೆಸ್ ಸ್ಕ್ರೂ ಬಿಗಿದೆ. ಬ್ಯೂಟೈಲ್ ಯಾವತ್ತೂ ಗಟ್ಟಿಯಾಗುವುದಿಲ್ಲ, ಅದೇ ಅದರ ಗುಣ. ಬಿಗಿದಾಗ ಸುತ್ತಲೂ ಕಪ್ಪಗೆ ಹೊರಗೆ ಉಕ್ಕುತ್ತದೆ. ಬಿಸಿಲಿಗೆ ಇನ್ನಷ್ಟು ಮೆತ್ತಗಾಗಿ ಕೂರುತ್ತದೆ. ಆದ್ದರಿಂದ ಕೆಲವು ದಿನ ಬಿಟ್ಟು ಸ್ಕ್ರೂಗಳನ್ನು ಮತ್ತೊಮ್ಮೆ ಅರ್ಧ ಸುತ್ತು ಬಿಗಿಯಬೇಕು. ಉಕ್ಕಿದ್ದನ್ನು ಕತ್ತರಿಸಿ, ಅದರ ಮೇಲೆ ಪಿಯು (ಪಾಲಿಯುರೆಥೇನ್) ಸೀಲಂಟ್ ಎಳೆದೆ. ಅದೂ ರಬ್ಬರಿನ ಹಾಗೆಯೇ ಬಾಗುತ್ತದೆ, ಹಳೆಯದರ ಮೇಲೆ ಹೊಸದು ಹಿಡಿಯುತ್ತದೆ. ಇಷ್ಟೂ ಕೆಲಸಕ್ಕೆ ಒಂದು ಒಳ್ಳೆಯ ಸೀರೆಯ ದುಡ್ಡೂ ಆಗಲಿಲ್ಲ. ಆಮೇಲೆ ಅಲ್ಲಿಂದ ಒಂದು ಹನಿ ಬಿದ್ದಿಲ್ಲ.

ಇನ್ನೊಂದು ಖರ್ಚಿಲ್ಲದ ಉಪಾಯ. ನಿಲ್ಲಿಸುವಾಗ ಮುಂದಿನ ಪುಟ್ಟ ಚಕ್ರದ ಮೇಲೆ ಟ್ರೇಲರ್‌ನ ಮೂತಿಯನ್ನು ಎರಡು ಇಂಚು ಎತ್ತಿ ನಿಲ್ಲಿಸಿ. ಚಾವಣಿಯ ನೀರು ಹಿಂದಕ್ಕೆ ಇಳಿದು ಹೋಗುತ್ತದೆ. ಸಮತಟ್ಟಾಗಿ ನಿಲ್ಲಿಸಿದರೆ ನೀರು ಅಲ್ಲೇ ನಿಲ್ಲುತ್ತದೆ. ನಿಂತ ನೀರಿಗೆ ದಾರಿ ಹುಡುಕಲು ಬೇಕಾದಷ್ಟು ಟೈಮ್ ಇರುತ್ತದೆ ಅಲ್ವಾ?

ಮೇಲಿನ ನೀರನ್ನು ಎಲ್ಲರೂ ನೋಡುತ್ತಾರೆ, ಕೆಳಗಿನದನ್ನು ಯಾರೂ ನೋಡುವುದಿಲ್ಲ. ಚಕ್ರ ಎರಚುವ ಕೆಸರು ನೀರು ನೆಲದ ಪ್ಲೈವುಡ್ ಅಂಚಿಗೇ ಹೊಡೆಯುತ್ತದೆ. ನಮ್ಮದರಲ್ಲಿ ನೆಲಕ್ಕೆ ಮಾಮೂಲಿ ಕಮರ್ಷಿಯಲ್ ಪ್ಲೈ ಹಾಕಿದ್ದರು. ಕೊಳ್ಳುವವರು ಹಲಗೆಯ ಮೇಲಿನ ಮುದ್ರೆ ನೋಡಿ. ಐಎಸ್ 303 ಅಂತಿದ್ದರೆ ಅದು ಸಾಮಾನ್ಯ ಬಳಕೆಯ ಪ್ಲೈ, ಐಎಸ್ 710 ಅಂತಿದ್ದರೆ ಮೆರೈನ್ ಪ್ಲೈ. ಚಕ್ರದ ಹತ್ತಿರದ ಭಾಗ ಕತ್ತರಿಸಿ ತೆಗೆದು ಮೆರೈನ್ ಪ್ಲೈ ಹಾಕಿದೆ. ಕತ್ತರಿಸಿದ ಅಂಚಿಗೆ ಎಪಾಕ್ಸಿ ಎರಡು ಸಲ ಬಳಿದು, ಅಡಿಗೆ ಕಾರುಗಳಿಗೆ ಹೊಡೆಯುವ ಕಪ್ಪು ಕೋಟಿಂಗ್ ಹೊಡೆಸಿದೆವು. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ. ಮುಖಕ್ಕೆ ಎಷ್ಟು ಬಣ್ಣ ಬಳಿದರೂ ಅಂಚು ಬಿಟ್ಟರೆ ದಂಡ.

ಇನ್ನು ಮೂರನೆಯ ನೀರು. ಇದರ ಬಗ್ಗೆ ಮಾರುವವರು ಬಾಯೇ ಬಿಡುವುದಿಲ್ಲ. ಕಿಟಕಿ ಮುಚ್ಚಿ ಇಬ್ಬರು ಮಲಗಿದರೆ ಬೆಳಿಗ್ಗೆ ಗೋಡೆಯಲ್ಲಿ ನೀರು ಇಳಿಯುತ್ತಿರುತ್ತದೆ. ಮಳೆ ಸೋರಿದ್ದಲ್ಲ, ನಮ್ಮದೇ ಉಸಿರು. ಹೊರಗೆ ತಣ್ಣಗಿರುವ ಅಲ್ಯೂಮಿನಿಯಂ ಚೌಕಟ್ಟು, ಒಳಗೆ ಬೆಚ್ಚಗಿನ ತೇವದ ಗಾಳಿ. ಗೋಡೆಯ ಒಳಗೆ ಚೌಕಟ್ಟು ಎಲ್ಲೆಲ್ಲಿ ಹಾದುಹೋಗಿದೆ ಅಂತ ಹನಿಗಳ ಸಾಲೇ ತೋರಿಸುತ್ತಿತ್ತು. ಹಾಸಿಗೆ ಎತ್ತಿ ನೋಡಿದರೆ ಅಡಿಯಲ್ಲಿ ಬೂಷ್ಟು. "ಇದೇನೇ, ಹೊಸ ಹಾಸಿಗೆಗೆ ಹಳೇ ಉಪ್ಪಿನಕಾಯಿ ಜಾಡಿ ವಾಸನೆ" ಅಂದರು ಅತ್ತೆ. ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ಇದಕ್ಕೆ ಮಾಡಿದ್ದು ಎರಡೇ ಕೆಲಸ. ಒಂದು, ಮಂಚದ ಹಲಗೆ ತೆಗೆದು ಸಿಲ್ವರ್ ಓಕ್ ರೀಪರ್‌ಗಳನ್ನು ಎರಡು ಬೆರಳು ಅಂತರ ಬಿಟ್ಟು ಹೊಡೆದೆ. ತೋಟದಲ್ಲಿ ನೆರಳಿಗೆ ಬೆಳೆದ ಮರ, ಮಿಲ್ಲಿನಲ್ಲಿ ಸೀಳಿಸಿದ ಕೂಲಿ ಮಾತ್ರ ಖರ್ಚು. ಅದರ ಮೇಲೆ ತೆಂಗಿನ ನಾರಿನ ಮ್ಯಾಟು, ಆಮೇಲೆ ಹಾಸಿಗೆ. ಎರಡು, ಚಾವಣಿ ಕಿಂಡಿಗೆ ಕಂಪ್ಯೂಟರ್ ಕ್ಯಾಬಿನೆಟ್‌ನ 12 ವೋಲ್ಟ್ ಫ್ಯಾನ್ ಎರಡು ಕೂರಿಸಿದೆ. ಗಾಳಿ ಹೊರಕ್ಕೆ ತಳ್ಳುವ ಹಾಗೆ. ಒಂದೊಂದಕ್ಕೆ ಕಾಲು ಆಂಪಿಯರ್ ಸಾಕು. ರಾತ್ರಿ 8 ಗಂಟೆ ಎರಡೂ ತಿರುಗಿದರೆ ಬ್ಯಾಟರಿಯಿಂದ ಹೋಗುವುದು 4 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ), ಅಷ್ಟೇ. ಕೆಳಗಿನ ಕಿಟಕಿ ಒಂದು ಬೆರಳಷ್ಟು ತೆರೆದಿರಬೇಕು, ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ. ಕಿಟಕಿ ಸಂದಿಗೆ ಟಿಶ್ಯೂ ಪೇಪರ್ ಹಿಡಿದು ನೋಡಿ. ಒಳಕ್ಕೆ ಬಾಗಿದರೆ ಗಾಳಿ ಓಡುತ್ತಿದೆ ಅಂತ ಅರ್ಥ. ಸೊಳ್ಳೆ ಪರದೆ ಬೇಕೇ ಬೇಕು. ಇಂಬಳ (ಜಿಗಣೆ) ಕಿಟಕಿಯಿಂದ ಬರುವುದಿಲ್ಲ, ನಮ್ಮ ಕಾಲಿನ ಜೊತೆ ಬಾಗಿಲಿನಿಂದಲೇ ಬರುತ್ತದೆ.

ಈಗ ತೂಕದ ವಿಷಯ. ಇದು ಜೀವದ ಪ್ರಶ್ನೆ. ತಂದ ಹೊಸದರಲ್ಲಿ ಹಾಸನ ರಸ್ತೆಯಲ್ಲಿ ಸ್ವಲ್ಪ ವೇಗ ಏರಿದರೆ ಟ್ರೇಲರ್ ಬಾಲ ಆಡಿಸುತ್ತಿತ್ತು. ಲಾರಿ ಪಕ್ಕದಲ್ಲಿ ಹಾದುಹೋದರಂತೂ ಬೊಲೆರೊ ಹಿಂಭಾಗವನ್ನೂ ಎಳೆಯುತ್ತಿತ್ತು. ಕಾರಣ ಹುಡುಕಲು ಕಷ್ಟಪಡಬೇಕಿರಲಿಲ್ಲ. 60 ಲೀಟರ್ ನೀರಿನ ಟ್ಯಾಂಕನ್ನು ಆಕ್ಸಲ್‌ನ ಹಿಂದೆ, ಅಡುಗೆ ಕಟ್ಟೆಯ ಕೆಳಗೆ ಇಟ್ಟಿದ್ದರು. ನಲ್ಲಿಗೆ ಪೈಪು ಗಿಡ್ಡ ಸಾಕು ಅಂತ. ತುಂಬಿದರೆ 60 ಕೆಜಿ ಬಾಲದಲ್ಲಿ. ಇಂಥ ಟ್ರೇಲರ್‌ನಲ್ಲಿ ಒಟ್ಟು ತೂಕದ ಶೇ 10ರಿಂದ 15ರಷ್ಟು, ಗಾಡಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಕೂರಬೇಕು. ನಮ್ಮದು ಸಾಮಾನು ಸಮೇತ ಸುಮಾರು 600 ಕೆಜಿ, ಅಂದರೆ 60ರಿಂದ 90 ಕೆಜಿ. ಅಳೆಯಲು ಮನೆಯಲ್ಲಿ ನಾವು ನಿಂತು ತೂಕ ನೋಡುವ ಮಷೀನೇ ಸಾಕು. ಸಮತಟ್ಟು ಜಾಗದಲ್ಲಿ, ಕೊಂಡಿ ಮಾಮೂಲಿ ಎತ್ತರದಲ್ಲೇ ಇರುವ ಹಾಗೆ, ಅದರಡಿ ಮರದ ತುಂಡು ಇಟ್ಟು ಮಷೀನಿನ ಮೇಲೆ ಕೂರಿಸಿ. ನಮ್ಮದು 30 ಕೆಜಿಯೂ ತೋರಿಸಲಿಲ್ಲ.

ಟ್ಯಾಂಕನ್ನು ಆಕ್ಸಲ್‌ನ ಮುಂದಕ್ಕೆ ತಂದೆ. ಬ್ಯಾಟರಿಯೂ ಮುಂದಿನ ಪೆಟ್ಟಿಗೆಗೆ ಬಂತು. ಟ್ಯಾಂಕ್ ಕೂರಿಸುವ ಪಟ್ಟಿ ಮಾಡಿಕೊಟ್ಟ ವೆಲ್ಡಿಂಗ್ ಹುಡುಗ "ಅಕ್ಕಾ, ಪೈಪು ಉದ್ದ ಆಗುತ್ತೆ, ನೀರು ನಿಧಾನ ಬರುತ್ತೆ" ಅಂದ. ಬರಲಿ ಬಿಡಪ್ಪ ಅಂದೆ. ಈಗ ಕೊಂಡಿಯ ಮೇಲೆ 70ರ ಹತ್ತಿರ ಇದೆ, ಬಾಲ ಆಡಿಸುವುದು ನಿಂತಿದೆ.

ಘಟ್ಟ ಇಳಿಯುವವರಿಗೆ ಇನ್ನೊಂದು ಮಾತು. ಇದರಲ್ಲಿರುವುದು ಓವರ್‌ರನ್ ಬ್ರೇಕ್. ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುತ್ತದೆ. ಚಾರ್ಮಾಡಿಯಂಥ ಇಳಿಜಾರಿನಲ್ಲಿ ಒತ್ತುವುದು ನಿಲ್ಲುವುದೇ ಇಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಎರಡನೇ ಗೇರಿನಲ್ಲೇ ಇಳಿಯುತ್ತೇವೆ, ನಡುವೆ ಒಂದು ಕಡೆ ನಿಲ್ಲಿಸಿ ಚಕ್ರದ ನಡುವಿನ ಹಬ್ ಹತ್ತಿರ ಕೈ ಒಡ್ಡಿ ನೋಡುತ್ತೇವೆ. ಬಿಸಿ ಮುಖಕ್ಕೇ ಹೊಡೆದರೆ ಆರುವವರೆಗೆ ಕಾಯುವುದು. ಹಿಂದಿರುವವರು ಹಾರ್ನ್ ಹೊಡೆದುಕೊಳ್ಳಲಿ. ಮಳೆಗಾಲದಲ್ಲಿ ಆ ದಾರಿಯ ಸಹವಾಸವೇ ಬೇಡ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಬಂದ್ ಆಗಿದ್ದು ನಮ್ಮ ಕಡೆಯವರಿಗೆ ಮರೆತಿಲ್ಲ. ಮುಳ್ಳಯ್ಯನಗಿರಿಗೂ ಟ್ರೇಲರ್ ತೆಗೆದುಕೊಂಡು ಹೋಗುವುದಿಲ್ಲ. 1,930 ಮೀಟರ್ ಎತ್ತರದ ಬೆಟ್ಟ, ಕಿರಿದಾದ ರಸ್ತೆ, ಎದುರಿಗೆ ಜೀಪು ಬಂದರೆ ಹಿಂದಕ್ಕೆ ತೆಗೆಯುವುದು ಯಾರು?

ಕರೆಂಟಿಗೆ ಬರೋಣ. ಜನ ಮೊದಲು ದುಡ್ಡು ಸುರಿಯುವುದು ಇಲ್ಲಿಗೆ. ನನ್ನ ಪ್ರಕಾರ ಇದು ನೀರು, ತೂಕ ಎರಡೂ ಮುಗಿದ ಮೇಲಿನ ಕೆಲಸ. ಮೊದಲಿದ್ದ ಲೆಡ್ ಆಸಿಡ್ ಬ್ಯಾಟರಿ ತೆಗೆದು 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಹಾಕಿದೆವು. ತೂಕ ಅರ್ಧಕ್ಕಿಂತ ಕಮ್ಮಿ. ಲೆಡ್ ಆಸಿಡ್‌ನಲ್ಲಿ ಅರ್ಧ ಬಳಸಿದರೆ ನಿಲ್ಲಿಸಬೇಕು, ಇದರಲ್ಲಿ ಶೇ 80 ಧಾರಾಳವಾಗಿ ಬಳಸಬಹುದು. ಬೆಲೆ ಮಾತ್ರ ಕೈ ಸುಡುತ್ತದೆ.

ಚಾವಣಿಯ ಸೋಲಾರ್ ಪ್ಯಾನೆಲ್ ನಮ್ಮ ಊರಿಗೆ ಅರ್ಧ ದಂಡ. ತೋಟದಲ್ಲಿ ನಿಲ್ಲಿಸಿದರೆ ನೆರಳು, ನೆರಳಿಲ್ಲದ ಕಡೆ ನಿಲ್ಲಿಸಿದರೆ ಮಧ್ಯಾಹ್ನ ಒಳಗೆ ಕೂರಲಾಗದು. ಪ್ಯಾನೆಲ್‌ನ ಸೆಲ್‌ಗಳೆಲ್ಲ ಒಂದರ ಹಿಂದೆ ಒಂದು ಜೋಡಿಸಿದವು. ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಅಷ್ಟೇ ಭಾಗ ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಕರೆಂಟು ಇಳಿದುಹೋಗುತ್ತದೆ. ಅದನ್ನು ಚಾವಣಿಯಿಂದ ಇಳಿಸಿ, ಮಡಚುವ ಕಾಲು ಕಟ್ಟಿ, 10 ಮೀಟರ್ ಕೇಬಲ್ ಹಾಕಿದೆ. ಟ್ರೇಲರ್ ನೆರಳಲ್ಲಿ, ಪ್ಯಾನೆಲ್ ಕಾಫಿ ಕಣದ ಬಿಸಿಲಲ್ಲಿ. ಚಾವಣಿಯಲ್ಲಿ ಸ್ಕ್ರೂ ತೂತುಗಳೂ ಕಡಿಮೆಯಾದವು.

ನಿಜವಾಗಿ ಕೆಲಸಕ್ಕೆ ಬಂದದ್ದು ಗಾಡಿಯ ಆಲ್ಟರ್ನೇಟರ್‌ನಿಂದ ಚಾರ್ಜ್ ಮಾಡುವ 20 ಆಂಪಿಯರ್‌ನ ಡಿಸಿ ಚಾರ್ಜರ್. ಮೂರು ಗಂಟೆ ಓಡಿದರೆ 60 ಆಂಪಿಯರ್ ಅವರ್ ತುಂಬುತ್ತದೆ. ನಮ್ಮ ಪುಟ್ಟ ಫ್ರಿಜ್ಜಿಗೆ ಒಂದೂವರೆ ದಿನಕ್ಕೆ ಸಾಕು. ಆದರೆ ವೈರು ನೋಡಿ ಹಾಕಿ. ವರ್ಕ್‌ಶಾಪ್‌ನವರು ಬಾನೆಟ್‌ನಿಂದ ಟ್ರೇಲರ್‌ವರೆಗೆ ಎಳೆದಿದ್ದು ಮನೆಗೆ ಹಾಕುವ 2.5 ಚದರ ಮಿಲಿಮೀಟರ್ ವೈರು. 6 ಮೀಟರ್ ಹೋಗಿ 6 ಮೀಟರ್ ಬರುವಷ್ಟರಲ್ಲಿ 20 ಆಂಪಿಯರ್‌ಗೆ ಒಂದೂವರೆ ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಖರ್ಚು. 12 ವೋಲ್ಟಿನಲ್ಲಿ ಒಂದೂವರೆ ಹೋದರೆ ಉಳಿಯುವುದೇನು? 16 ಚದರ ಮಿಲಿಮೀಟರ್ ಹಾಕಿದ ಮೇಲೆ ನಷ್ಟ ಕಾಲು ವೋಲ್ಟಿಗೆ ಇಳಿಯಿತು. ಗಾಡಿಯದು, ಟ್ರೇಲರ್‌ನದು, ಎರಡೂ ಬ್ಯಾಟರಿಗಳ ಬುಡದಲ್ಲೇ ಫ್ಯೂಸ್ ಇರಲಿ. ಮಧ್ಯದಲ್ಲಿ ಹಾಕಿದರೆ ಅದರ ಹಿಂದಿನ ವೈರಿಗೆ ಕಾವಲೇ ಇಲ್ಲ.

ಅಡುಗೆ ಕಟ್ಟೆ ಚೆನ್ನಾಗಿದೆ, ಬದಲಾವಣೆ ಕಡಿಮೆ. 5 ಕೆಜಿ ಸಿಲಿಂಡರ್ ಇಡುವ ಪೆಟ್ಟಿಗೆಗೆ ತೂತು ಮೇಲ್ಗಡೆ ಕೊಟ್ಟಿದ್ದರು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಹಾಗಾಗಿ ತಳದಲ್ಲಿ ಹೊರಕ್ಕೆ ತೆರೆಯುವ ದೊಡ್ಡ ತೂತು ಕೊರೆದೆ. ಮಳೆಗೆ ಟಾರ್ಪಾಲು ಕಟ್ಟುವಾಗ ಒಂದು ಮೂಲೆ ತಗ್ಗಿಸಿ ಕಟ್ಟಿ, ನೀರು ಅಲ್ಲಿಂದಲೇ ಇಳಿಯಲಿ. ಕಡುಬು ಬೇಯಿಸುವುದಾದರೆ ಟಾರ್ಪಾಲಿನ ಕೆಳಗೇ ಬೇಯಿಸಿ. ಆ ಹಬೆ ಒಳಗೆ ಹೋದರೆ ಎರಡು ಫ್ಯಾನಿಗೂ ತಡೆಯುವುದಿಲ್ಲ. ಚಳಿ ಅಂತ ಕೆಂಡದ ಒಲೆಯನ್ನು ಒಳಗಂತೂ ಇಡಲೇಬೇಡಿ. ಹೊಗೆ ಕಾಣದಿದ್ದರೂ ಅದರ ವಿಷಗಾಳಿ ಜೀವ ತೆಗೆಯುತ್ತದೆ.

ಬಣ್ಣದ ಎಲ್‌ಇಡಿ ಪಟ್ಟಿ, ಬ್ಲೂಟೂತ್ ಸ್ಪೀಕರ್, ಮಡಚುವ ಟಾಯ್ಲೆಟ್ ಎಲ್ಲ ಬಂತು, ಹೋಯಿತು. ಎಲ್‌ಇಡಿಗೆ ಹುಳ ಮುತ್ತುತ್ತದೆ. ಇಲಿಗೆ ವೈರು ಇಷ್ಟ, ಆದ್ದರಿಂದ ವೈರು ಒಳಗೆ ಬರುವ ತೂತುಗಳಿಗೆಲ್ಲ ಸ್ಟೀಲ್ ನಾರು ತುರುಕಿದೆ.

ಕಾಗದಪತ್ರದ ವಿಷಯದಲ್ಲಿ ಸಲೀಸು ಬೇಡ. ಟ್ರೇಲರ್‌ಗೂ ನೋಂದಣಿ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸುವಂತಿಲ್ಲ. ಅದಕ್ಕೇ ಚಾಸಿ, ಆಕ್ಸಲ್, ಉದ್ದ, ಎತ್ತರ ಯಾವುದನ್ನೂ ಮುಟ್ಟಿಲ್ಲ. ಚಾವಣಿ ಎತ್ತರಿಸಿಕೊಡುತ್ತೇವೆ ಅಂತ ಹೇಳುವವರು ಸಿಗುತ್ತಾರೆ, ನಾವು ಒಪ್ಪಲಿಲ್ಲ.

ಉಳಿದ ಒಂದು ಸ್ಟಾರ್ ಯಾಕೆ ಕೊಟ್ಟಿಲ್ಲ ಅಂದರೆ, ಚಕ್ರದ ಬೇರಿಂಗ್. ಪ್ರತಿ ಮಳೆಗಾಲ ಮುಗಿದ ಮೇಲೆ ಬಿಚ್ಚಿದರೆ ಗ್ರೀಸು ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿರುತ್ತದೆ, ಅಂದರೆ ಒಳಗೆ ನೀರು ಹೋಗಿದೆ. ಆಯಿಲ್ ಸೀಲ್ ಬದಲಾಯಿಸಿ, ಹೊಸ ಗ್ರೀಸು ತುಂಬುತ್ತೇನೆ. ಮುಂದಿನ ವರ್ಷ ಮತ್ತೆ ಅದೇ. ಹಬ್‌ನ ಅಳತೆಯೇ ಸರಿಯಿಲ್ಲ ಅನ್ನುವುದು ನಮ್ಮ ಮೆಕ್ಯಾನಿಕ್ ಅಭಿಪ್ರಾಯ. ಕೊಳ್ಳುವ ಮುಂಚೆ ಒಂದು ಹಬ್ ಬಿಚ್ಚಿ ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ಬೇರೆ ಕಡೆ ನೋಡಿ.